ಹಳೇಬೀಡಿನ ಬಸ್ತಿಹಳ್ಳಿ

ಊರಿನ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಅರಮನೆಯ ಬಾಗಿಲಿನಲ್ಲಿ ನಿಂತು ಪ್ರಾರಂಭಮಾಡುವರು. ಇಂಥ ಅರಸನು ಕೋಟೆಯನ್ನು ಕಟ್ಟಿಸಿದನು, ಇಂಥವನು ಅದನ್ನು ಕಳೆದುಕೊಂಡನು ಎಂಬಲ್ಲಿಗೆ ಚರಿತ್ರೆ ಮುಗಿಯುವುದು. ಆ ಕೋಟೆಯ ಮಗ್ಗುಲಲ್ಲಿಯೇ ಒಲೆ ಹೊತ್ತಿಸಿ, ನೀರು ಸೇದಿ, ಮಕ್ಕಳನ್ನು ಸಾಕಿ, ನೆರೆಯವರೊಡನೆ ಜಗಳವಾಡಿ ಮತ್ತೆ ರಾಜಿಯಾಗಿ ಬಾಳಿದ ಗೃಹಸ್ಥರ ಕೇರಿಗಳನ್ನು ಕುರಿತು ಕೇಳುವವರು ವಿರಳ. ಆದರೆ ಅರಮನೆಗಳು ಅಳಿದ ಮೇಲೆಯೂ ಕೇರಿಗಳು ಉಳಿಯುವುದುಂಟು. ಇದಕ್ಕೆ ನಮ್ಮ ಹಾಸನದ ಸೀಮೆಯಲ್ಲಿಯೇ ಒಂದು ನಿದರ್ಶನವಿದೆ. ಅದು ಹಳೇಬೀಡಿನ ಬಸ್ತಿಹಳ್ಳಿ.

ಮೂಲನಗರಕ್ಕೆ ಹೊಂದಿಕೊಂಡು ಬೆಳೆದ ಊರಿಗೆ ಅಮರಸಿಂಹನು ತನ್ನ ಕೋಶದಲ್ಲಿ ಶಾಖಾನಗರವೆಂಬ ಹೆಸರನ್ನು ಕೊಟ್ಟಿರುವನು. ನಮ್ಮ ಹಿರಿಯರು ಇಂಥವುಗಳನ್ನು ಕೇರಿ, ಪೇಟೆ, ಪಾಳ್ಯ ಎಂದರು. ಈಗಿನವರು ಬಡಾವಣೆ ಎನ್ನುವರು. ಶಾಖೆಯೆಂದರೆ ಕೊಂಬೆ. ಬುಡ ಬಿದ್ದರೆ ಕೊಂಬೆ ಒಣಗುವುದು ವೃಕ್ಷದ ಧರ್ಮ. ಹಳೇಬೀಡಿನಲ್ಲಿಯಾದರೋ ಬುಡವೇ ಬಿದ್ದು ಆರುನೂರೈವತ್ತು ವರ್ಷಗಳ ಮೇಲಾದರೂ ಕೊಂಬೆ ಇನ್ನೂ ಹಸುರಾಗಿದೆ. ಇದು ಹೇಗಾಯಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅರಸೀಕೆರೆಯ ರೈಲು ನಿಲ್ದಾಣದಲ್ಲಿಳಿದು ಬಾಣಾವರ, ಜಾವಗಲ್ಲುಗಳ ಮಾರ್ಗವಾಗಿ ಬಂದರೆ ತೆಂಗಿನ ತೋಟಗಳೂ ರಾಗಿಯ ಹೊಲಗಳೂ ಕಳೆದು ಹಳೇಬೀಡು ಸಿಕ್ಕುವುದು. ಬೇಲೂರಿನಿಂದ ಬರುವವರಿಗೆ ಹದಿನಾರು ಕಿಲೋಮೀಟರುಗಳ ದಾರಿ. ಯಾರು ಯಾವ ದಿಕ್ಕಿನಿಂದ ಬಂದರೂ ಹೊಯ್ಸಳೇಶ್ವರನ ದೇವಾಲಯದ ಮುಂದೆ ಇಳಿಯುವರು. ಶಿಲ್ಪಗಳನ್ನು ನೋಡಿ ಬೆರಗಾಗುವರು. ಎಳನೀರು ಕುಡಿದು ಮತ್ತೆ ವಾಹನವನ್ನೇರುವರು. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಹೀಗೆಯೇ ಬಂದು ಹೀಗೆಯೇ ಹಿಂದಿರುಗಿದವರು. ಹೊಯ್ಸಳೇಶ್ವರನಿಂದ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಬಸ್ತಿಹಳ್ಳಿಯೆಂಬುದನ್ನು ಬಲ್ಲೆವಾದರೂ ಹೊತ್ತಾಯಿತೆಂಬ ನೆಪದಿಂದ ಆ ಹತ್ತು ನಿಮಿಷವನ್ನು ನಡೆಯಲಿಲ್ಲ. ವಿಶ್ರಾಂತಿ ದೊರೆತ ಮೇಲೆ, ಮಕ್ಕಳಿಗೆ ತೋರಿಸದೆ ಬಿಟ್ಟುದನ್ನು ನಾವಾದರೂ ನೋಡಿಬರೋಣವೆಂದು ಹೊರಟೆವು.

ವಸತಿಯೇ ಬಸದಿ

ಮೊದಲು ಹೆಸರಿನ ವಿಚಾರ. ಬಸ್ತಿಯೆಂದರೆ ಬಸದಿ, ಬಸದಿಯೆಂಬುದು ಸಂಸ್ಕೃತದ ವಸತಿಯೆಂಬ ಶಬ್ದದ ತದ್ಭವ. ವರ್ಣವು ಬಣ್ಣವಾಗುವಂತೆ ಇಲ್ಲಿಯೂ ವಕಾರವು ಬಕಾರವಾಯಿತು. ಭೂತಿಯು ಬೂದಿಯಾಗುವಂತೆ ತಕಾರವು ದಕಾರವಾಯಿತು. ವಸತಿಯೆಂದರೆ ವಾಸಸ್ಥಾನ, ಮನೆ. ಜೈನರು ತಮ್ಮ ದೇವಾಲಯಕ್ಕೆ ಬೇರೆ ಯಾವ ದೊಡ್ಡ ಹೆಸರನ್ನೂ ಹುಡುಕದೆ, ಮನೆಯೆಂಬ ಅರ್ಥವನ್ನುಳ್ಳ ಶಬ್ದದಿಂದಲೇ ಅದನ್ನು ಕರೆದರು. ದೇವರಿಗೂ ಮನೆ, ಭಕ್ತನಿಗೂ ಮನೆ. ಎರಡೂ ಒಂದೇ ಕೇರಿಯಲ್ಲಿ. ಬಸ್ತಿಹಳ್ಳಿಯೆಂಬ ಹೆಸರಿನಲ್ಲಿ ಈ ನೆರೆತನವು ಅಡಗಿರುವುದು.

ದೋರಸಮುದ್ರವೆಂಬುದು ಮೊದಲು ಕೆರೆಯ ಹೆಸರು. ಆಮೇಲೆ ಊರಿನ ಹೆಸರಾಯಿತು. ಸಂಸ್ಕೃತಪ್ರಿಯರು ಅದನ್ನೇ ದ್ವಾರಸಮುದ್ರವೆಂದು ತಿದ್ದಿ ಬರೆದರು. ಹೊಯ್ಸಳರು ಇಲ್ಲಿಗೆ ಬರುವುದಕ್ಕೆ ಮೊದಲೇ ಈ ಕೆರೆಯಿದ್ದಿತೆಂದು ವಿದ್ವಾಂಸರ ಅಭಿಪ್ರಾಯ. ಮಲೆನಾಡಿನ ಅಂಚು ಮುಗಿದು ಬಯಲುಸೀಮೆ ಪ್ರಾರಂಭವಾಗುವ ಈ ನೆಲದಲ್ಲಿ ನೀರನ್ನು ಕಟ್ಟಿ ನಿಲ್ಲಿಸದೆ ದೊಡ್ಡ ಊರು ಬಾಳಲಾರದು. ಯಗಚಿಯ ನೀರನ್ನು ರಣಘಟ್ಟದಿಂದ ದೋರಸಮುದ್ರಕ್ಕೆ ತರುವ ಕಾಲುವೆಯನ್ನು ಹೊಯ್ಸಳರ ಕಾಲದ್ದೆಂದು ಹೇಳುವರು. ಇಂದಿನ ಒಕ್ಕಲಿಗರು ರಣಘಟ್ಟದ ನೀರಿಗಾಗಿ ಪಾದಯಾತ್ರೆ ಮಾಡಿ ಸರಕಾರವನ್ನು ಕೇಳಬೇಕಾಗಿ ಬಂದುದನ್ನು ನೋಡಿದರೆ, ಅಂದಿನವರ ಕೆಲಸದ ಬೆಲೆ ತಿಳಿಯುವುದು.

ಇಂಥ ರಾಜಧಾನಿಯಲ್ಲಿ ಅರಸನೊಬ್ಬನೇ ಗುಡಿಯನ್ನು ಕಟ್ಟಿಸುತ್ತಿರಲಿಲ್ಲ. ದಂಡನಾಯಕರು, ರಾಣಿಯರು, ಶೆಟ್ಟಿಗಳು ತಮ್ಮ ತಮ್ಮ ಶಕ್ತ್ಯನುಸಾರ ಕಟ್ಟಿಸಿದರು. ಒಂದೊಂದು ಗುಡಿಗೂ ದೀಪದ ಎಣ್ಣೆ, ಹೂವು, ನೈವೇದ್ಯದ ಅಕ್ಕಿ ಇವುಗಳಿಗಾಗಿ ದತ್ತಿ ಬೇಕಾಗುತ್ತಿತ್ತು. ಎಣ್ಣೆ ಹೊಯ್ಯುವವನು, ಹೂ ಕಟ್ಟುವವನು, ಅಡಿಗೆಯವನು, ಪಾಠ ಹೇಳುವವನು ಎಲ್ಲರೂ ಗುಡಿಯ ಹತ್ತಿರ ಮನೆಮಾಡಿಕೊಳ್ಳುವರು. ಗುಡಿಯೊಂದು ಹುಟ್ಟಿದಲ್ಲಿ ಕೇರಿಯೊಂದು ಹುಟ್ಟಿತೆಂದೇ ತಿಳಿಯಬೇಕು.

ವಿಜಯಪಾರ್ಶ್ವದೇವನು

ಬಸ್ತಿಹಳ್ಳಿಯಲ್ಲಿ ಇಂದು ಮೂರು ಬಸದಿಗಳು ಸಾಲಾಗಿ ನಿಂತಿವೆ. ನಡುವಣದು ಆದಿನಾಥನದು, ಅದು ಚಿಕ್ಕದು. ಇಕ್ಕೆಲಗಳಲ್ಲಿ ಪಾರ್ಶ್ವನಾಥನ ಮತ್ತು ಶಾಂತಿನಾಥನ ದೊಡ್ಡ ಬಸದಿಗಳು. ಹೊರಗಿನಿಂದ ನೋಡಿದರೆ ಇವುಗಳಲ್ಲಿ ವಿಶೇಷವೇನೂ ತೋರದು. ಹೊಯ್ಸಳೇಶ್ವರನ ಗೋಡೆಯಲ್ಲಿ ಆನೆ, ಸಿಂಹ, ಕುದುರೆ, ರಾಮಾಯಣ, ಭಾರತ ಎಲ್ಲವೂ ತುಂಬಿದ್ದರೆ, ಇಲ್ಲಿಯ ಗೋಡೆಗಳು ಬೋಳು. ಒಳಗೆ ಅಡಿಯಿಟ್ಟ ಮೇಲೆಯೇ ಬೆರಗು. ಬಳಪದ ಕಲ್ಲನ್ನು ತಿರುಗಿಸಿ ಕಡೆದು, ಕನ್ನಡಿಯಂತೆ ನುಣುಪುಗೊಳಿಸಿದ ಕಂಬಗಳು ಪಾರ್ಶ್ವನಾಥನ ಬಸದಿಯಲ್ಲಿ ನಿಂತಿವೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು. ಗಾಳಿ ಬಿಸಿಲು ತಾಗಿದಂತೆಲ್ಲ ಗಟ್ಟಿ. ಕಂಬದ ಮುಂದೆ ನಿಂತರೆ ನಮ್ಮ ಮುಖ ಒಂದು ಕಡೆ ಉದ್ದವಾಗಿಯೂ ಮತ್ತೊಂದು ಕಡೆ ಮೋಟಾಗಿಯೂ, ಒಂದು ಉಂಗುರದಲ್ಲಿ ನೆಟ್ಟಗೂ ಮತ್ತೊಂದರಲ್ಲಿ ತಲೆಕೆಳಗಾಗಿಯೂ ಕಾಣುವುದು. ಒಂಬೈನೂರು ವರ್ಷಗಳ ಹಿಂದಿನ ನುಣುಪು ಇನ್ನೂ ಮಾಸಿಲ್ಲ. ಗರ್ಭಗೃಹದಲ್ಲಿ ಆಳಿನ ಎರಡು ಪಟ್ಟಿಗೂ ಮಿಗಿಲಾದ ಎತ್ತರದಲ್ಲಿ, ಹೆಡೆಯೆತ್ತಿದ ಸರ್ಪದ ನೆರಳಿನಲ್ಲಿ, ಪಾರ್ಶ್ವನಾಥನು ನಿಂತಿರುವನು.

ಈ ಬಸದಿಯ ಹುಟ್ಟಿನ ಕಥೆ ಇಲ್ಲಿಯ ಶಾಸನದಲ್ಲಿದೆ. ವಿಷ್ಣುವರ್ಧನನ ಮಹಾಪ್ರಧಾನನೂ ದಂಡನಾಯಕನೂ ಆಗಿದ್ದ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಇದನ್ನು ಕಟ್ಟಿಸಿದನು. ಗಂಗರಾಜನ ಬಿರುದು ದ್ರೋಹಘರಟ್ಟ. ಎಂದರೆ ದ್ರೋಹಿಗಳನ್ನು ಅರೆಯುವ ಬೀಸುವಕಲ್ಲು. ಆ ಬಿರುದಿನಿಂದಲೇ ಬಸದಿಗೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು. ಪ್ರತಿಷ್ಠೆಯಾದ ಮೇಲೆ ಅರ್ಚಕರು ಶೇಷೆಯನ್ನು ತೆಗೆದುಕೊಂಡು, ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ಅರಸನ ಬಳಿಗೆ ಹೋದರು. ಆಗತಾನೆ ಅರಸನಿಗೆ ಯುದ್ಧದಲ್ಲಿ ಜಯವಾಗಿತ್ತು; ರಾಣಿ ಲಕ್ಷ್ಮಾದೇವಿಗೆ ಗಂಡುಮಗು ಹುಟ್ಟಿತ್ತು. ಅರಸನು ಎದ್ದು ಕೈಮುಗಿದು ಶೇಷೆಯನ್ನು ಸ್ವೀಕರಿಸಿ, ಇದೆಲ್ಲವೂ ಈ ದೇವರ ಪ್ರತಿಷ್ಠೆಯ ಫಲವೆಂದು ಭಾವಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ದೇವರ ಪೂಜೆಗಾಗಿ ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು. ನಾವು ಬಸ್ಸಿನಲ್ಲಿ ದಾಟಿಬಂದ ಆ ಊರಿನ ಫಸಲು ಒಂದು ಕಾಲದಲ್ಲಿ ಈ ಕೇರಿಯ ದೀಪಕ್ಕೆ ಎಣ್ಣೆಯಾಗುತ್ತಿತ್ತು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ವಿಷ್ಣುವರ್ಧನನು ವೈಷ್ಣವನಾದ ಮೇಲೆ ದೋರಸಮುದ್ರದ ಏಳುನೂರ ಇಪ್ಪತ್ತು ಬಸದಿಗಳನ್ನು ಕೆಡವಿಸಿದನೆಂದೂ, ಆ ಪಾಪಕ್ಕಾಗಿ ಭೂಮಿ ಬಾಯಿಬಿಟ್ಟಿತೆಂದೂ ಒಂದು ಕಥೆಯುಂಟು. ಕಥೆ ರಸವತ್ತಾಗಿದ್ದುದರಿಂದ ನಾವೂ ಅದನ್ನು ತರಗತಿಯಲ್ಲಿ ಹೇಳಿದವರೇ. ಆದರೆ ಆ ಅರಸನು ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿದ್ದು 1117ರಲ್ಲಿ. ಪಾರ್ಶ್ವನಾಥನ ಶೇಷೆಗೆ ಎದ್ದು ಕೈಮುಗಿದುದು ಅದಾದ ಹದಿನಾರು ವರ್ಷಗಳ ಮೇಲೆ. ಬಾಯಿಯ ಮಾತು ಒಂದನ್ನು ಹೇಳಿ, ಕಲ್ಲಿನ ಮಾತು ಇನ್ನೊಂದನ್ನು ಹೇಳಿದರೆ, ಅದೇ ಕಾಲದ ಕಲ್ಲನ್ನು ನಂಬುವುದೇ ನ್ಯಾಯ. ಬಸ್ತಿಹಳ್ಳಿಗೆ ಮೊದಲೇ ಬಂದು ನೋಡಿದ್ದರೆ, ಮಕ್ಕಳ ಕಿವಿಯಲ್ಲಿ ನೆರೆಹೊರೆಯ ದ್ವೇಷದ ಆ ಕಥೆಯನ್ನು ನಾವು ಹಾಕುತ್ತಿರಲಿಲ್ಲ.

ಕೇರಿಯ ಬಾಳು

ಶಾಂತಿನಾಥನ ಬಸದಿ 1192ರ ಸುಮಾರಿನದು. ಆಗ ಇಮ್ಮಡಿ ವೀರಬಲ್ಲಾಳನು ಆಳುತ್ತಿದ್ದನು. ಅವನೂ ರಾಣಿಯಾದ ಅಭಿನವ ಕೇತಲದೇವಿಯೂ 1219ರಲ್ಲಿ ಕೇದಾರೇಶ್ವರನ ದೇವಾಲಯವನ್ನು ಕಟ್ಟಿಸಿದರು. ಅದೂ ಈ ಬಸದಿಗಳಿಗೆ ಸಮೀಪದಲ್ಲಿಯೇ ಇರುವುದು. ಹೀಗೆ ಜಿನನ ಕೇರಿಗೂ ಶಿವನ ಕೇರಿಗೂ ನಡುವೆ ಕೂಗಳತೆಯಷ್ಟೇ ದೂರ. ಬೆಳಗಿನ ಜಾವದಲ್ಲಿ ಒಂದರ ಗಂಟೆಯ ನಾದ ಮತ್ತೊಂದಕ್ಕೆ ಕೇಳಿಸದೆ ಇದ್ದೀತೆ? ಇದು ದೋರಸಮುದ್ರವೊಂದರ ವಿಶೇಷವಲ್ಲ. ಅರಸೀಕೆರೆಯಲ್ಲಿಯೂ 1220ರ ಸುಮಾರಿನಲ್ಲಿ ನಕ್ಷತ್ರಾಕಾರದ ಮಂಟಪವುಳ್ಳ ಶಿವಾಲಯವೂ, ರೇಚರಸನೆಂಬ ದಂಡನಾಯಕನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಒಂದೇ ಊರಿನಲ್ಲಿ ಎದ್ದುವು.

ಬಸ್ತಿಹಳ್ಳಿಯ ಶಾಸನಗಳಲ್ಲಿ ನಮ್ಮ ಮನಸ್ಸನ್ನು ಹಿಡಿದುನಿಲ್ಲಿಸಿದುದು ಅರಸರ ಶಾಸನವಲ್ಲ, ಒಬ್ಬ ಗುರುವಿನದು. 1274ರಲ್ಲಿ ಬಾಲಚಂದ್ರ ಪಂಡಿತದೇವರೆಂಬ ಜೈನಯತಿಗಳು ಸಮಾಧಿವಿಧಿಯಿಂದ ದೇಹವನ್ನು ಬಿಟ್ಟರು. ಆಗ ದೋರಸಮುದ್ರದ ಭವ್ಯಜನರೆಲ್ಲರೂ ಸೇರಿ ಅವರ ನೆನಪಿಗಾಗಿ ಪ್ರತಿಮೆಯನ್ನು ಮಾಡಿಸಿ ನಿಲ್ಲಿಸಿದರು. ಕಲಿಸಿದವರನ್ನು ಕೇರಿಯ ಜನ ಕಲ್ಲಿನಲ್ಲಿ ಉಳಿಸಿದರೆಂಬುದನ್ನು ಓದಿದಾಗ, ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದವರ ಕಣ್ಣು ತೇವವಾದರೆ ವಾಚಕರು ಮನ್ನಿಸಬೇಕು.

ಅಂದಿನ ಮನೆಗಳು ಹೇಗಿದ್ದುವು? ಗುಡಿಗಳನ್ನು ಕಲ್ಲಿನಲ್ಲಿ ಕಟ್ಟಿದ ಜನ ತಮ್ಮ ಮನೆಗಳನ್ನು ಮಣ್ಣು, ಮರ, ಹೆಂಚು, ಹುಲ್ಲುಗಳಿಂದ ಕಟ್ಟಿಕೊಂಡರು. ಆದುದರಿಂದ ಒಂದು ಮನೆಯೂ ಇಂದು ನೋಡಲು ಸಿಕ್ಕದು. ಆದರೆ ಜನರು ನೀರಿಗಾಗಿ ಕಟ್ಟಿಕೊಂಡುದು ಉಳಿದಿದೆ. ಕೇದಾರೇಶ್ವರನಿಂದ ಮುಂದೆ ನಡೆದರೆ ಹುಲಿಕೆರೆಯಲ್ಲಿ ಅಚ್ಚುಕಟ್ಟಾದ ಮೆಟ್ಟಿಲುಗಳ ಕಲ್ಯಾಣಿಯೊಂದಿದೆ. ಅದರ ಒಡಲಿನ ಸುತ್ತಲೂ ಚಿಕ್ಕ ಚಿಕ್ಕ ಗುಡಿಗಳು. ಅರಸರ ಗುಡಿಗಳಲ್ಲಿ ಕಾಣದ ಗೃಹಿಣಿಯರ ಹೆಜ್ಜೆಯನ್ನು ಆ ಮೆಟ್ಟಿಲುಗಳ ಸವೆತದಲ್ಲಿ ಕಾಣಬಹುದು.

ಬುಡ ಬಿದ್ದುದು

1311ರಲ್ಲಿ ದೆಹಲಿಯ ಸುಲ್ತಾನನ ಸೇನಾನಿಯಾದ ಮಲಿಕ್ ಕಾಫೂರನು ದಂಡೆತ್ತಿ ಬಂದನು. ಮುಮ್ಮಡಿ ಬಲ್ಲಾಳನು ಶರಣಾಗಿ ಭಂಡಾರವನ್ನೊಪ್ಪಿಸಿದನು. 1327ರ ಸುಮಾರಿನಲ್ಲಿ ತುಘಲಕನ ದಂಡು ಮತ್ತೆ ಬಂದಿತು. ಬಲ್ಲಾಳನು ತಿರುವಣ್ಣಾಮಲೆಯಲ್ಲಿ ನೆಲಸಿ ಹೋರಾಡಿ, 1342ರಲ್ಲಿ ಮಧುರೆಯ ಸುಲ್ತಾನನ ಕೈಯಲ್ಲಿ ಹತನಾದನು. ಅಲ್ಲಿಗೆ ದೋರಸಮುದ್ರದ ಸಿರಿ ತೀರಿತು. ಅರಸನ ಬೀಡು ಹಳೆಯ ಬೀಡಾಯಿತು. ಆ ಮಾತೇ ಊರಿನ ಹೆಸರಾಯಿತು. ಅರಮನೆಯಿದ್ದ ಎಡೆಯಲ್ಲಿ ಇಂದು ಮಣ್ಣಿನ ದಿಬ್ಬಗಳು; ನಗರೇಶ್ವರವೆಂಬಲ್ಲಿ ಅಗೆದಾಗ ಹೊರಬಿದ್ದ ಗುಡಿಗಳ ತಳಗಟ್ಟುಗಳು.

ಅರಸು ಹೋದ ಮೇಲೆ ಗುಡಿಯನ್ನು ಕಾಯುವವರು ಯಾರು? ನೆರೆಯವರೇ. ನೆರೆಯವರಿಲ್ಲದ ಗುಡಿಯ ಗತಿ ಏನಾಗುವುದೆಂಬುದನ್ನು ಕೇದಾರೇಶ್ವರನಲ್ಲಿ ನೋಡಬಹುದು. ಹಕ್ಕಿಯೊಂದು ತಂದುಹಾಕಿದ ಆಲದ ಬೀಜ ಅದರ ಶಿಖರದಲ್ಲಿ ಮೊಳೆತು, ಬೇರುಬಿಟ್ಟು, ಕಲ್ಲುಗಳ ಸಂದನ್ನು ಸೀಳಿತು. ಎಳೆಯದಾಗಿದ್ದಾಗ ಒಂದು ಮಗು ಕಿತ್ತುಹಾಕಬಹುದಾಗಿದ್ದ ಗಿಡವದು. ಕಿತ್ತುಹಾಕುವವರಿಲ್ಲದೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಂಥ ಗುಡಿ ಕುಸಿಯಿತು. ಫರ್ಗುಸನ್ ಎಂಬ ವಿದ್ವಾಂಸರು 1876ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಕುರಿತು ಮರುಗಿರುವರು. ಬಿದ್ದ ಕಲ್ಲುಗಳನ್ನು ಆಮೇಲೆ ಕೂಡಿಸಿ ನಿಲ್ಲಿಸಿದ್ದಾಯಿತು. ಆದರೆ ಹಳೆಯ ಶಿಖರ ಮರಳಿ ಬರಲಿಲ್ಲ. ಬಸ್ತಿಹಳ್ಳಿಯ ಬಸದಿಗಳಿಗಾದರೋ ಕಾಯುವ ಜನವಿದ್ದರು. ಆದರೆ ಜನವಿದ್ದಲ್ಲಿ ಜಗಳವೂ ಇರುವುದಷ್ಟೆ. ಆ ಜಗಳದ ಕಥೆಯೇ ಈ ಕೇರಿಯ ಚರಿತ್ರೆಯ ಸಾರ.

ಕಂಬದ ಮೇಲಣ ಮುದ್ರೆ

ವಿಜಯನಗರದ ಆಳಿಕೆಯ ಇಳಿಗಾಲದಲ್ಲಿ ಈ ಸೀಮೆ ಬೇಲೂರಿನ ನಾಯಕರ ಕೈಯಲ್ಲಿತ್ತು. 1638ರಲ್ಲಿ ವೆಂಕಟಾದ್ರಿನಾಯಕನು ಆಳುತ್ತಿದ್ದಾಗ ಹುಚ್ಚಪ್ಪದೇವನೆಂಬ ವೀರಶೈವನು ವಿಜಯಪಾರ್ಶ್ವನಾಥನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಹಾಕಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಹಾಕಿದವನಿಗೂ ಅಳಿಸಿದವನಿಗೂ ತಮ್ಮ ತಮ್ಮ ಭಕ್ತಿಯೇ ದೊಡ್ಡದು. ಮುಂದೆ ಏನಾಗಬಹುದಾಗಿತ್ತೆಂಬುದನ್ನು ಇಂದಿನ ವೃತ್ತಾಂತಪತ್ರಿಕೆಗಳನ್ನು ಓದುವ ಗೃಹಸ್ಥರಿಗೆ ನಾವು ಹೇಳಬೇಕಾಗಿಲ್ಲ.

ಆದರೆ ಆದುದು ಬೇರೆ. ಬೇಲೂರು ಸೀಮೆಯ ಜೈನವರ್ತಕರು ದೂರನ್ನು ಹಿರಿಯರ ಮುಂದಿಟ್ಟರು. ವೀರಶೈವರ ಮಹಾಮಹತ್ತಿನವರು, ಎಂದರೆ ಆ ಮತದ ಹಿರಿಯರ ಸಭೆಯವರು, ಕೂಡಿ ಕುಳಿತು ವಿಚಾರಮಾಡಿದರು. ಅವರು ಕೊಟ್ಟ ತೀರ್ಪಿನ ತಾತ್ಪರ್ಯವಿಷ್ಟು: ಮೊದಲು ವಿಭೂತಿ ವೀಳ್ಯಗಳ ಮರ್ಯಾದೆಯನ್ನು ಸಲ್ಲಿಸತಕ್ಕದ್ದು, ಅನಂತರ ವಿಜಯಪಾರ್ಶ್ವನಾಥನಿಗೆ ಪೂಜೆ, ಅಲಂಕಾರ, ದೀಪ, ಅಭಿಷೇಕ ಮುಂತಾದ ಜೈನವಿಧಿಗಳೆಲ್ಲವೂ ಹಿಂದಿನಿಂದ ನಡೆದುಬಂದಂತೆ ಆಚಂದ್ರಾರ್ಕವಾಗಿ ನಡೆಯತಕ್ಕದ್ದು. ಇದಕ್ಕೆ ಅಡ್ಡಿಮಾಡುವವನು ತಮ್ಮ ಮಹಾಮಹತ್ತಿನ ಪಾದಕ್ಕೆ ದ್ರೋಹಿ, ಶಿವದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೂ ಕಾಶಿ ರಾಮೇಶ್ವರಗಳ ಲಿಂಗಗಳಿಗೂ ದ್ರೋಹಿ ಎಂದು ಆ ಶೈವಹಿರಿಯರೇ ಸಾರಿದರು. ಈ ತೀರ್ಪನ್ನು ಬಸ್ತಿಹಳ್ಳಿಯಲ್ಲಿಯೇ ಕಲ್ಲಿನಲ್ಲಿ ಬರೆಯಿಸಿದರು. 1902ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು.

ವಾಚಕರು ಈ ತೀರ್ಪನ್ನು ನಿಧಾನವಾಗಿ ಪರಿಶೀಲಿಸಬೇಕು. ಗೆದ್ದವರು ಯಾರು, ಸೋತವರು ಯಾರು? ವಿಭೂತಿ ವೀಳ್ಯಗಳ ಮರ್ಯಾದೆ ಒಬ್ಬರಿಗೆ ಸಂದಿತು. ಬಸದಿಯೂ ಪೂಜೆಯೂ ಮತ್ತೊಬ್ಬರಿಗೆ ಉಳಿದುವು. ಜೈನರು ತಮ್ಮದೇ ದೇವರ ಮುಂದೆ ಅನ್ಯರ ವಿಭೂತಿಯನ್ನು ಒಪ್ಪಿಕೊಳ್ಳಬೇಕಾಯಿತಲ್ಲ, ಇದು ಸರಿಸಮವೇ ಎಂದು ಕೇಳುವವರುಂಟು. ಆ ಕೇಳಿಕೆಯಲ್ಲಿ ಸತ್ಯವಿಲ್ಲದೆ ಇಲ್ಲ. ಸಂಖ್ಯೆಯಲ್ಲಿಯೂ ಬಲದಲ್ಲಿಯೂ ಕಡಿಮೆಯಾದವರೇ ಹೆಚ್ಚು ಬಾಗಿದರೆಂಬುದು ನಿಜ. ಆದರೆ ಬಲವಿದ್ದವರು ಆ ಬಲವನ್ನು ಬಳಸದೆ, ತಮ್ಮವನು ಮಾಡಿದ ಕೆಲಸವನ್ನು ತಾವೇ ತೂಗಿನೋಡಿ, ಮುಂದೆ ಯಾರೂ ನೆರೆಯವನ ಪೂಜೆಯನ್ನು ಕೆಡಿಸಬಾರದೆಂದು ತಮ್ಮ ದೇವರ ಮೇಲೆಯೇ ಆಣೆಯಿಟ್ಟರು. ಅನ್ಯರನ್ನು ಕಟ್ಟುಪಡಿಸುವ ಶಾಸನಗಳು ಸಾವಿರಾರು ಇವೆ. ತಮ್ಮನ್ನು ತಾವೇ ಕಟ್ಟುಪಡಿಸಿಕೊಂಡವು ಅಪೂರ್ವ. ಶ್ರವಣಬೆಳಗೊಳದಲ್ಲಿ 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ರಾಜಿ ಪ್ರಸಿದ್ಧವಾದುದು. ಅಲ್ಲಿ ಕೈಹಿಡಿದು ಕೂಡಿಸಲು ದೊಡ್ಡ ಅರಸನಿದ್ದನು. ಇಲ್ಲಿ ನ್ಯಾಯ ಹೇಳಿದವರು ನೆರೆಯವರೇ.

ಇಂದಿನ ಕೇರಿ

ಬಸದಿಗಳಿಂದ ಹೊರಗೆ ಬಂದಾಗ ಬಿಸಿಲು ಏರಿತ್ತು. ಬಸ್ತಿಹಳ್ಳಿ ಇಂದು ಒಕ್ಕಲುತನದ ಜನರ ಊರು. ಮನೆಗಳ ಮುಂದೆ ರಂಗೋಲಿ, ಹಸು, ಕೋಳಿ, ಜಗಲಿಯ ಮೇಲೆ ಒಣಹಾಕಿದ ಜೋಳ. ಬಾಯಾರಿಕೆಗೆ ನೀರು ಕೇಳಿದ್ದಕ್ಕೆ ನಡುವಯಸ್ಸಿನ ಗೃಹಿಣಿಯೊಬ್ಬಳು ಜಗಲಿಯಲ್ಲಿ ಕೂರಿಸಿ ಮಜ್ಜಿಗೆಯನ್ನು ತಂದುಕೊಟ್ಟಳು.

"ಗುಡಿ ನೋಡೋಕೆ ಬಂದ್ರಾ ಸ್ವಾಮಿ? ಎಲ್ಲಾರೂ ಅಲ್ಲಿಂದಲೇ ವಾಪಸ್ ಹೋಗ್ತಾರೆ, ಇಲ್ಲಿಗಂಟ ಬರೋರು ಕಮ್ಮಿ" ಎಂದಳು.

"ಇಂಥ ಬಸದಿ ಮನೆಯ ಮಗ್ಗುಲಲ್ಲಿರುವುದು ನಿಮ್ಮ ಪುಣ್ಯ, ತಾಯಿ" ಎಂದು ನಾವು ಹೇಳಿದೆವು.

ಆಕೆ ಸ್ವಲ್ಪ ಸುಮ್ಮನಿದ್ದು, "ಪುಣ್ಯವೇ ಸ್ವಾಮಿ. ಆದ್ರೆ ಹೋದ ವರ್ಷ ಮಗನಿಗೆ ಮದುವೆ ಆಯ್ತು. ಹಿಂದ್ಗಡೆ ಒಂದು ಕೋಣೆ ಹಾಕೋಣ ಅಂದ್ರೆ, ಗುಡಿಗೆ ಹತ್ತಿರ, ಹಾಕಂಗಿಲ್ಲ ಅಂತಾರೆ. ಕಲ್ಲಿನ ದೇವರಿಗೆ ಅಷ್ಟು ದೊಡ್ಡ ಮನೆ, ನಮ್ಮ ಸೊಸೆಗೆ ಒಂದು ಕೋಣೆ ಇಲ್ಲ" ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ, ನಗುತ್ತಲೇ ಹೇಳಿದಳು. ಆದರೆ ಮಜ್ಜಿಗೆ ನಮ್ಮ ಗಂಟಲಲ್ಲಿ ನಿಂತಿತು.

ಕಾನೂನಿನ ಸ್ಥಿತಿಯನ್ನು ಇಲ್ಲಿ ಹೇಳಬೇಕು. ಬಸ್ತಿಹಳ್ಳಿಯ ಬಸದಿಗಳು ಕೇಂದ್ರ ಸರಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಮೇರೆಗೆ, ರಕ್ಷಿತ ಎಲ್ಲೆಯಿಂದ ನೂರು ಮೀಟರುಗಳ ಒಳಗೆ ಹೊಸದಾಗಿ ಕಟ್ಟಡವನ್ನು ಕಟ್ಟಕೂಡದು. ಅದರಾಚೆಯ ಇನ್ನೂರು ಮೀಟರುಗಳಲ್ಲಿ ಅನುಮತಿಯಿಲ್ಲದೆ ಕಟ್ಟಕೂಡದು. ಹಳೆಯ ಮನೆಯ ದುರಸ್ತಿಗೆ ಅರ್ಜಿಯಿಟ್ಟು ಅನುಮತಿಯನ್ನು ಪಡೆಯಬಹುದು. ಈ ಕಟ್ಟಳೆಯನ್ನು ನಾವು ಹಳಿಯುವವರಲ್ಲ. ಹಳೇಬೀಡಿನ ಸುತ್ತಣ ಹಳ್ಳಿಗಳಲ್ಲಿ ಕೆತ್ತನೆಯ ಕಲ್ಲುಗಳು ಹೊಸಲುಗಳಾಗಿಯೂ ಬಟ್ಟೆ ಒಗೆಯುವ ಬಂಡೆಗಳಾಗಿಯೂ ಹೋದುದನ್ನು ಕಂಡವರು, ರಕ್ಷಣೆ ಬೇಡವೆಂದು ಹೇಳಲಾರರು. ಕಟ್ಟಳೆಯಿಲ್ಲದೆ ಹೋಗಿದ್ದರೆ ಬಸದಿಯ ಗೋಡೆಗೆ ಮೂರಂತಸ್ತಿನ ಹೋಟೆಲೊಂದು ಒರಗಿಕೊಂಡಿರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ತಾಯಿ ಹೇಳಿದುದೂ ಸುಳ್ಳಲ್ಲ. ನೂರು ಮೀಟರುಗಳ ಗೆರೆಯನ್ನು ದೆಹಲಿಯಲ್ಲಿ ಕುಳಿತು ಎಳೆದವರಿಗೆ ಗೆರೆಯೊಳಗಣ ಸೊಸೆ ಕಾಣಳು. ವರ್ತಕನ ಹೋಟೆಲಿಗೂ ಒಕ್ಕಲಿಗನ ಕೋಣೆಗೂ ಗೆರೆ ಒಂದೇ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನಾಡಿಗೆಲ್ಲ ಸಂತೋಷ; ನಮಗೂ ಸಂತೋಷ. ಪಟ್ಟಿಯಲ್ಲಿ ಸೇರಿದ ಹಳೇಬೀಡಿನ ದೇವಾಲಯ ಹೊಯ್ಸಳೇಶ್ವರನದು, ಬಸದಿಗಳು ಅದರಲ್ಲಿಲ್ಲ. ಕೀರ್ತಿ ದೇವಾಲಯಕ್ಕೆ ಬಂದಿತು. ಕಟ್ಟುಪಾಡು ಕೇರಿಗೂ ಬಂದಿರುವುದು. ಕೀರ್ತಿಯ ಪಾಲಿಲ್ಲದೆ ಕಟ್ಟುಪಾಡಿನ ಪಾಲನ್ನು ಮಾತ್ರ ಹೊರುವವರಿಗೆ ಗುಡಿಯ ಮೇಲಣ ವಿಶ್ವಾಸ ಎಷ್ಟು ದಿನ ಉಳಿದೀತು?

ಈ ತೊಡಕಿಗೆ ಬಿಡುಗಡೆಯ ದಾರಿ ಬಸ್ತಿಹಳ್ಳಿಯ ಕಲ್ಲಿನಲ್ಲಿಯೇ ಇದೆಯೆಂದು ನಮಗೆ ತೋರುವುದು. 1638ರ ಹಿರಿಯರು ಎರಡು ಕಡೆಯವರನ್ನೂ ಕರೆದು ಕೂರಿಸಿ, ಪೂಜೆ ನಿಲ್ಲದಂತೆಯೂ ಮರ್ಯಾದೆ ಹೋಗದಂತೆಯೂ ನಡೆಯುವ ಕ್ರಮವೊಂದನ್ನು ಕಂಡುಹಿಡಿದರು. ಈಗಿನ ಕಾನೂನಿನಲ್ಲಿಯೂ ಒಂದೊಂದು ಸ್ಮಾರಕಕ್ಕೆ ಆಯಾ ಸ್ಥಳಕ್ಕೊಪ್ಪುವ ಉಪನಿಯಮಗಳನ್ನು ಬೇರೆಬೇರೆಯಾಗಿ ಮಾಡಲು ಅವಕಾಶವುಂಟು. ಎಷ್ಟು ಎತ್ತರದ ಮನೆ, ಎಂಥ ಹೆಂಚು, ಯಾವ ಬಣ್ಣ, ಎಲ್ಲಿ ಅಗೆಯಬಾರದು ಎಂಬುದನ್ನು ಅಧಿಕಾರಿಗಳು ಕೇರಿಯ ಜಗಲಿಯಲ್ಲಿ ಕುಳಿತು ಕೇರಿಯವರೊಡನೆ ಮಾತನಾಡಿ ಗೊತ್ತುಮಾಡಬೇಕು. ಗೆರೆಯೊಳಗೆ ಕೋಣೆಯನ್ನು ಕಟ್ಟಲು ಆಗದೆಯೇ ಹೋದರೆ, ಊರಿನ ಇನ್ನೊಂದು ಮಗ್ಗುಲಲ್ಲಿ ನಿವೇಶನವನ್ನಾದರೂ ಕೊಡಬೇಕು. ಬಲವಿದ್ದವರು ತಮ್ಮನ್ನು ಸ್ವಲ್ಪ ಕಟ್ಟುಪಡಿಸಿಕೊಳ್ಳಬೇಕೆಂಬುದೇ ಆ ಶಾಸನದ ಪಾಠವಲ್ಲವೆ? ಅಂದು ಬಲವಿದ್ದುದು ಒಂದು ಮತದವರಲ್ಲಿ, ಇಂದು ಸರಕಾರದಲ್ಲಿ.

ಇಷ್ಟು ವಿಚಾರಮಾಡಿದ ಮೇಲೆ, ಕೊಂಬೆ ಹೇಗೆ ಉಳಿಯಿತೆಂಬ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿದಂತಾಯಿತು. ದೋರಸಮುದ್ರವನ್ನು ಕೋಟೆ ಕಾಯಲಿಲ್ಲ, ಭಂಡಾರ ಕಾಯಲಿಲ್ಲ. ಕೇದಾರೇಶ್ವರನನ್ನು ಶಿಲ್ಪಿಯ ಕೌಶಲವೂ ಕಾಯಲಿಲ್ಲ. ಬಸ್ತಿಹಳ್ಳಿಯನ್ನು ಕಾದುದು ಜಗಳವಾಡಿದ ಮೇಲೂ ಒಟ್ಟಿಗೆ ಕುಳಿತುಕೊಳ್ಳಬಲ್ಲ ಜನರ ನೆರೆತನ. ಮುಂದೆ ಅದನ್ನು ಕಾಯಬೇಕಾದುದೂ ಅದೇ. ಬೇಸರಗೊಂಡು ಕೇರಿಯ ಜನ ಒಬ್ಬೊಬ್ಬರಾಗಿ ಮನೆಬಿಟ್ಟು ಹೋದರೆ, ಕಾವಲುಗಾರನೊಬ್ಬನೂ ತಂತಿಯ ಬೇಲಿಯೂ ಉಳಿಯುವರು. ವಸತಿಯಿಲ್ಲದ ಬಸದಿ ಬರಿಯ ಕಲ್ಲಾಗುವುದು.

ಹೊರಡುವಾಗ ಲೋಟವನ್ನು ಹಿಂದಿರುಗಿಸಿ, "ಮುಂದಿನ ಸಲ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತೇವೆ, ತಾಯಿ" ಎಂದೆವು. "ಬನ್ನಿ ಸ್ವಾಮಿ. ಮಕ್ಕಳು ಆ ಕಂಬದಲ್ಲಿ ಮುಖ ನೋಡ್ಕಂಡು ಬಲು ನಗ್ತವೆ" ಎಂದಳು.

ಪ್ರಿಯ ವಾಚಕರೆ, ನೀವು ಮನೆಮಂದಿಯೊಡನೆ ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರನಿಗೆ ಕೈಮುಗಿದು, ಇನ್ನೊಂದು ಹತ್ತು ನಿಮಿಷ ನಡೆಯಿರಿ. ಕಂಬದಲ್ಲಿ ಮಕ್ಕಳ ಮುಖವನ್ನು ಅವರಿಗೇ ತೋರಿಸಿರಿ. ಆಮೇಲೆ, ಆ ಕಂಬದ ಮೇಲೆ ಒಬ್ಬನು ಮುದ್ರೆ ಹಾಕಿ ಇನ್ನೊಬ್ಬನು ಅಳಿಸಿದ ಕಥೆಯನ್ನೂ, ಆ ಕೇರಿ ಅದನ್ನು ತೀರಿಸಿಕೊಂಡ ಬಗೆಯನ್ನೂ ಹೇಳಿರಿ. ನಾವು ತರಗತಿಯಲ್ಲಿ ಹೇಳಿದ ಕಥೆಗಿಂತ ಅದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು.